ಗಿಡ್ಡಮ್ಮನ ಹೆಸರಿನ ಚೀಟಿ

ಗಿಡ್ಡಮ್ಮನ ಬೆರಳು ಕೊಳೆತು ಬೀಳಲಿ ಎಂದು ನಾನು ದೇವರನ್ನು ಬೇಡಿಕೊಂಡಿದ್ದು ನಿಜ. ಯಾರು ಬೇಕಾದರೂ ಬಂದು ಕೇಳಲಿ, ಇಲ್ಲ ಎನ್ನುವುದಿಲ್ಲ. ಒಂದು ದಿನ ಎರಡು ದಿನವಲ್ಲ, ಮೂವತ್ತೇಳು ದಿನ ಬೇಡಿದ್ದೇನೆ. ಮೊಣಕಾಲೂರಿ, ತಲೆ ತುಂಬ ಸೆರಗು ಹೊದ್ದು, ಕಣ್ಣು ಮುಚ್ಚಿ, ನೋಡಿದವರು ಎಂಥ ಭಕ್ತಿವಂತೆ ಅನ್ನುವ ಹಾಗೆ ಬೇಡಿದ್ದೇನೆ. ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇತ್ತು.

ನನ್ನ ಹೆಸರು ಎರ್ರಮ್ಮ. ದೀಕ್ಷಾಸ್ನಾನದ ದಿನ ಪಾಸ್ಟರು ಮಾರ್ತಾ ಎಂದು ಹೆಸರಿಟ್ಟರು, ಆದರೆ ಹಾಗೆ ಕರೆದರೆ ನಾನೇ ತಿರುಗಿ ನೋಡುವುದಿಲ್ಲ. ಹೂವಿನಹಡಗಲಿಯ ಬಸ್‌ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು ಹನ್ನೆರಡು ವರ್ಷ ಮಲ್ಲಿಗೆ ಕಟ್ಟಿದವಳು ನಾನು. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ, ನೆನೆದ ಬಾಳೆನಾರು ಒಂದು ಸುತ್ತು, ಒಂದು ಗಂಟು. ಬಸ್ಸಿನ ಬೋರ್ಡು ಓದಲು ಬರದಿದ್ದರೂ ಯಾವ ಬಸ್ಸಿನಲ್ಲಿ ಯಾರು ಇಳಿದರು ಎಂದು ನೋಡುತ್ತಲೇ ಮಾರುಗಟ್ಟಲೆ ಕಟ್ಟಿ ಎಸೆಯುತ್ತಿದ್ದೆ.

ಆ ಹನ್ನೆರಡು ವರ್ಷವೂ ಅದೇ ಗೋಣಿಚೀಲದ ಮೇಲೆ ನನ್ನ ಪಕ್ಕದಲ್ಲಿ ಕೂತವಳು ಗಿಡ್ಡಮ್ಮ. ಹೆಸರಿಗೆ ತಕ್ಕಂತೆ ಕುಳ್ಳಿ, ತೋಳೂ ಗಿಡ್ಡ. ಹೂವನ್ನು ನಾವು ಕೈ ಅಗಲಿಸಿ ಮಾರು ಹಾಕಿ ಅಳೆಯುವವರು. ಅವಳ ಒಂದು ಮಾರು ನನ್ನ ಮುಕ್ಕಾಲು ಮಾರು. ಅವಳ ಗಿರಾಕಿಗಳು ಮೋಸ ಹೋದರೆಂದು ನಾನು ನಗುತ್ತಿದ್ದೆ. ನನ್ನ ಗಿರಾಕಿಗಳು ನನ್ನ ಬಾಯಿಗೆ ಹೆದರಿ ಕೊಳ್ಳುತ್ತಾರೆಂದು ಅವಳು ನಗುತ್ತಿದ್ದಳು. ನಮ್ಮಿಬ್ಬರ ಎಲೆಅಡಿಕೆ ಚೀಲ ಒಂದೇ, ನೀರಿನ ಚೊಂಬೂ ಒಂದೇ.

ನನ್ನ ಗಂಡ ಬೊಮ್ಮಪ್ಪ ಹಮಾಲಿ ಕೆಲಸ ಮಾಡುತ್ತಿದ್ದ. ತೊಂಬತ್ತಾರರ ಬೇಸಿಗೆಯಲ್ಲಿ ಲಾರಿಯಿಂದ ಚೀಲ ಇಳಿಸುವಾಗ ಅವನ ಅಂಗಾಲಿಗೆ ಮೊಳೆ ಚುಚ್ಚಿತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದ. ಪಾದ ಬಾತಿತು, ಆಮೇಲೆ ಪಾದದಿಂದ ಮೊಣಕಾಲಿನ ತನಕ ಕುಂಕುಮದಲ್ಲಿ ಎಳೆದ ಹಾಗೆ ಒಂದು ಕೆಂಪು ಗೆರೆ ಎದ್ದಿತು. ಅದೇನೆಂದು ನಮಗೆ ತಿಳಿಯಲಿಲ್ಲ. ತಿಳಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ವಿಷ ಮೈಗೆಲ್ಲ ಏರಿತ್ತು. ಇಪ್ಪತ್ತೆರಡು ದಿನ ಮಲಗಿದ್ದ.

ಆ ಇಪ್ಪತ್ತೆರಡು ದಿನವೂ ಅಂಜಿನಕ್ಕ ಎಂಬ ಮುದುಕಿ ಬಂದಳು. ನಮ್ಮ ಓಣಿಯ ಹಿಂದಿನ ಹೆಂಚಿನ ಮನೆಯಲ್ಲಿ ಪ್ರಾರ್ಥನೆ ಮಾಡುವ ಯೇಸುಮಂದಿಯವಳು. ಬೊಮ್ಮಪ್ಪನ ಬಟ್ಟೆ ಒಗೆದಳು, ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಆದರೂ ಅವನು ಸತ್ತ. ಇನ್ನು ಈ ಮುದುಕಿ ಮುಖ ತೋರಿಸುವುದಿಲ್ಲ ಎಂದುಕೊಂಡೆ. ಇಪ್ಪತ್ತಮೂರನೆಯ ದಿನವೂ ಬಂದಳು. ತಿಥಿ ಮುಗಿದ ಮೇಲೂ ಬಂದಳು, ಒಂದು ಗಿಂಡಿ ಅಂಬಲಿ ಹಿಡಿದುಕೊಂಡು. ನಾನು ಆ ಪ್ರಾರ್ಥನೆ ಮನೆಗೆ ಹೋಗಿದ್ದು ಅದಕ್ಕೆ, ಬೇರೆ ಯಾವ ಪವಾಡ ನೋಡಿಯೂ ಅಲ್ಲ.

ವರ್ಷ ಕಳೆದು ನದಿಯಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ತೆಗೆದುಕೊಂಡೆ. ಮರುದಿನವೂ ಎಂದಿನಂತೆ ಗೋಣಿಚೀಲದ ಮೇಲೆ ಕೂತೆ. ಗಿಡ್ಡಮ್ಮ ಎಲೆಅಡಿಕೆ ಚೀಲ ನನ್ನ ಕಡೆಗೆ ತಳ್ಳಿದಳು. ಶ್ರಾವಣ ಬಂತು, ಗಿರಾಕಿ ಹೆಚ್ಚಾಯಿತು. ಒಂದು ಸೋಮವಾರ ಬೆಳಿಗ್ಗೆ ಹೆಂಗಸೊಬ್ಬಳು ನನ್ನ ಹೂವಿನ ಸರಕ್ಕೆ ಕೈ ಹಾಕಿದಳು. ಗಿಡ್ಡಮ್ಮ ಪಕ್ಕದಿಂದ ತನ್ನ ಸರ ಎತ್ತಿ ಹಿಡಿದಳು.

"ಆಕಿದು ಮುಡ್ಕಳಾಕ ಆಗ್ತೈತಿ ತಾಯಿ, ದೇವರಿಗೆ ನಡಿಯಂಗಿಲ್ಲ. ಆಕಿ ಈಗ ಯೇಸುಮಂದಿ ಆಗ್ಯಾಳ. ನಂದು ತಗೊ."

ಹನ್ನೆರಡು ವರ್ಷದ ಗೆಳತಿ. ನನ್ನ ಮುಖ ನೋಡದೆ ಹೇಳಿದಳು. ಅವಳಿಗೆ ದೇವರ ಚಿಂತೆಯೇನೂ ಇರಲಿಲ್ಲ, ತನ್ನ ಬುಟ್ಟಿ ಬೇಗ ಖಾಲಿಯಾಗಬೇಕಿತ್ತು ಅಷ್ಟೇ. ಆದರೆ ಮಾತು ಆಡಿದವಳ ಹತ್ತಿರವೇ ನಿಲ್ಲುತ್ತದೆಯೇ? ದಸರೆಯ ಹೊತ್ತಿಗೆ ಊರೆಲ್ಲ ಸುತ್ತಿತು. ಗುಡಿಯವರು ಬಿಟ್ಟರು, ಮದುವೆಯವರು ಬಿಟ್ಟರು, ಕಡೆಗೆ ಮುಡಿದುಕೊಳ್ಳುವವರೂ ಅವಳ ಬುಟ್ಟಿಯ ಕಡೆಗೇ ಹೊರಳಿದರು. ದೀಪಾವಳಿಗೆ ನಾನು ಗೋಣಿಚೀಲ ಬಿಟ್ಟು ಎದ್ದೆ. ಏಳುವಾಗ ಆ ನೀರಿನ ಚೊಂಬನ್ನು ಒದ್ದೇ ಎದ್ದೆ.

ಆಮೇಲೆ ನನ್ನ ಪಾಲಿಗೆ ಬಂದದ್ದು ಶೇಂಗಾ ಸುಲಿಯುವ ಕೆಲಸ. ಮಿಲ್ಲಿನವರು ಬೀಜಕ್ಕೆಂದು ಕೈಯಲ್ಲೇ ಸುಲಿಸುತ್ತಾರೆ. ಬೆಳಗಿನಿಂದ ಸಂಜೆಯ ತನಕ ಸುಲಿದರೆ ಹೆಬ್ಬೆರಳಿನ ಉಗುರು ಚರ್ಮ ಬಿಟ್ಟು ಮೇಲೇಳುತ್ತದೆ. ಮಲ್ಲಿಗೆ ಹಿಡಿದ ಬೆರಳಿಂದ ಅನ್ನ ಕಲಸಿದರೆ ಉರಿಯುತ್ತಿತ್ತು. ಉರಿದಾಗಲೆಲ್ಲ ಗಿಡ್ಡಮ್ಮ ನೆನಪಾಗುತ್ತಿದ್ದಳು. ಎರಡು ವರ್ಷ ಹೀಗೆ ಕಳೆಯಿತು. ದಿನಾ ಸಂಜೆ ಪ್ರಾರ್ಥನೆ ಮಾಡುತ್ತಿದ್ದೆ, ಇಲ್ಲವೆಂದಲ್ಲ. ಕೂಲಿ ಸಿಕ್ಕ ದಿನ ಸ್ತೋತ್ರ ಹೇಳಿದೆ, ಸಿಗದ ದಿನ ಕೇಳಿಕೊಂಡೆ. ಆದರೆ ಕಣ್ಣು ಮುಚ್ಚಿದರೆ ಮೊದಲು ಕಾಣುತ್ತಿದ್ದದ್ದು ಆ ಕುಳ್ಳಿಯ ಮುಖ, ದೇವರದ್ದಲ್ಲ.

ನಮ್ಮ ಪ್ರಾರ್ಥನೆ ಮನೆಯಲ್ಲಿ ವರ್ಷಕ್ಕೊಮ್ಮೆ ನಲವತ್ತು ದಿನದ ಪ್ರಾರ್ಥನೆ ನಡೆಯುತ್ತದೆ. ತೊಂಬತ್ತೊಂಬತ್ತರಲ್ಲಿ ನಾನು ಮೊದಲ ಸಲ ಅದಕ್ಕೆ ಕೂತೆ. ಪಾಸ್ಟ್ರಮ್ಮ, ಅಂದರೆ ಪಾಸ್ಟರ ಹೆಂಡತಿ, ಪೆನ್ನು ಮತ್ತು ಚೀಟಿ ಹಿಡಿದು ಸಾಲಿನಲ್ಲಿ ಬಂದರು. ಒಬ್ಬೊಬ್ಬರೂ ಒಂದೊಂದು ಹೆಸರು ಕಿವಿಯಲ್ಲಿ ಹೇಳುವುದು, ಅವರು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಆ ಹೆಸರಿಗಾಗಿ ಎಲ್ಲರೂ ನಲವತ್ತು ದಿನ ಪ್ರಾರ್ಥನೆ ಮಾಡಬೇಕು, ಶುಕ್ರವಾರ ಉಪವಾಸ ಇರಬೇಕು.

"ಹೆಸರು ಅಷ್ಟ ಹೇಳವ್ವ," ಎಂದರು ಪಾಸ್ಟ್ರಮ್ಮ. "ಕಾರಣ ಹೇಳಾದು ಬ್ಯಾಡ. ಕಾರಣ ದೇವರಿಗೆ ಗೊತ್ತಿರ್ತೈತಿ."

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ನನ್ನ ತವರು ಹರಪನಹಳ್ಳಿ ಹತ್ತಿರದ ಅರಸೀಕೆರೆ ಕಡೆಯ ಒಂದು ಹಳ್ಳಿ. ಅಲ್ಲಿ ಊರ ಹೊರಗಿನ ಅಮ್ಮನ ಗುಡಿಯ ಮುಂದೆ ನಿಂತು ಮಣ್ಣು ತೂರುವ ಪದ್ಧತಿ ಇದೆ. ಅನ್ಯಾಯ ಮಾಡಿದವರ ಹೆಸರು ಹೇಳಿ ಮೂರು ಹಿಡಿ ಮಣ್ಣು ಗಾಳಿಗೆ ತೂರಿದರೆ ಮುಗಿಯಿತು, ಉಳಿದದ್ದನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಪೂಜಾರಿಯೂ ಹೀಗೆಯೇ ಅನ್ನುತ್ತಿದ್ದ: ಹೆಸರು ಸಾಕು, ಕಾರಣ ಅಮ್ಮನಿಗೆ ಗೊತ್ತು. ಆಹಾ, ನಮ್ಮ ಯೇಸುಸ್ವಾಮಿಯ ಹತ್ತಿರವೂ ಈ ವ್ಯವಸ್ಥೆ ಇದೆಯಲ್ಲ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದುಕೊಂಡೆ. ಅದೂ ಒಬ್ಬಳೇ ಮಣ್ಣು ತೂರುವುದಲ್ಲ, ಇಡೀ ಸಭೆ ಉಪವಾಸ ಕೂತು ತೂರುವುದು. ಪಾಸ್ಟ್ರಮ್ಮನ ಕಿವಿಗೆ ಬಾಯಿ ಹಚ್ಚಿ ಹೇಳಿದೆ.

"ಹೂವಿನ ಗಿಡ್ಡಮ್ಮ."

ಪಾಸ್ಟ್ರಮ್ಮ ನನ್ನ ಮುಖ ನೋಡಿದರು. ಅವರಿಗೂ ಊರ ಸುದ್ದಿ ಗೊತ್ತಿತ್ತು. ಯಾಕೋ ಅವರ ಕಣ್ಣು ತುಂಬಿತು. ನನ್ನ ಭುಜ ತಟ್ಟಿ, ಬರೆದುಕೊಂಡು ಮುಂದಕ್ಕೆ ಹೋದರು. ನನ್ನ ಕಷ್ಟ ಕಂಡು ಅಳು ಬಂದಿರಬೇಕು ಎಂದು ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಒಂದು ವಾರ ಕಾದೆ. ಗಿಡ್ಡಮ್ಮ ಕೂರುವ ಜಾಗದ ಮೇಲೆ ಪಂಚಾಯ್ತಿಯವರು ಬಂದು ತಗಡು ಹೊದಿಸಿದರು. ಹನ್ನೆರಡು ವರ್ಷ ಬಿಸಿಲಿನಲ್ಲಿ ಒಣಗಿದ್ದೆವು, ಯಾವ ಪಂಚಾಯ್ತಿಯೂ ತಿರುಗಿ ನೋಡಿರಲಿಲ್ಲ. ಎರಡನೆಯ ವಾರ, ಅವಳ ಮಗಳನ್ನು ಬಿಟ್ಟು ಹೋಗಿದ್ದ ಅಳಿಯ ತಾನಾಗಿಯೇ ಬಂದು ಹೆಂಡತಿಯನ್ನು ತಂಬ್ರಹಳ್ಳಿಗೆ ಕರೆದುಕೊಂಡು ಹೋದ. ನಾಲ್ಕನೆಯ ವಾರ, ಬಟ್ಟೆ ಅಂಗಡಿಯ ಪಂಚಾಕ್ಷರಪ್ಪನವರ ಮಗಳು ಶೈಲಾನ ಮದುವೆಯ ಹೂವೆಲ್ಲ ಗಿಡ್ಡಮ್ಮನಿಗೇ ಸಿಕ್ಕಿತು. ಅಷ್ಟು ದೊಡ್ಡ ಮದುವೆಯ ಹೂವು ನಮ್ಮ ಗೋಣಿಚೀಲಕ್ಕೆ ಎಂದೂ ಬಂದದ್ದಲ್ಲ.

ನನಗೆ ಮೈಯೆಲ್ಲ ಉರಿ. ಶೇಂಗಾ ಸುಲಿಯುತ್ತಾ ಕೂತಲ್ಲೇ ದೇವರನ್ನು ತರಾಟೆಗೆ ತೆಗೆದುಕೊಂಡೆ. ಏನಪ್ಪಾ, ನಿನಗೆ ಕಿವಿ ಕೇಳಿಸುವುದಿಲ್ಲವೇ, ಇಲ್ಲ ವಿಳಾಸ ತಪ್ಪಿತೇ? ನನ್ನ ಗಂಡನನ್ನು ಉಳಿಸು ಎಂದೆ, ಉಳಿಸಲಿಲ್ಲ. ಹೋಗಲಿ. ನನ್ನ ಕೂಳು ಕಸಿದವಳಿಗೆ ಬುದ್ಧಿ ಕಲಿಸು ಎಂದರೆ ಅವಳ ತಲೆಗೆ ನೆರಳು ಮಾಡಿಕೊಡುತ್ತೀಯಲ್ಲ. ಅವಳ ಕಾಲು ಬೇಡ, ಕಣ್ಣು ಬೇಡ, ಆ ಬೆರಳು ಸಾಕು. ಹೂವು ಕಟ್ಟುವ ಬೆರಳು ಕೊಳೆಯಲಿ, ಶೇಂಗಾ ಸುಲಿಯಲೂ ಬರದಂತಾಗಲಿ. ಹೀಗೆ ಬಿಡಿಸಿ ಬಿಡಿಸಿ ಹೇಳಿದೆ.

ಮೂವತ್ತಾರನೆಯ ದಿನ ಸುದ್ದಿ ಬಂತು. ಹಾರ ಪೋಣಿಸುವ ಸೂಜಿ ಗಿಡ್ಡಮ್ಮನ ಬಲಗೈ ತೋರುಬೆರಳಿನ ಉಗುರಿನ ಸಂದಿಗೆ ಚುಚ್ಚಿ ಕೀವು ತುಂಬಿದೆ, ಬೆರಳು ಬದನೆಕಾಯಿಯಂತೆ ಬಾತಿದೆ ಎಂದು ಓಣಿಯ ನಾಗಕ್ಕ ಹೇಳಿದಳು. ಕೇಳಿ ನನಗೆ ಕುಣಿಯಬೇಕು ಅನ್ನಿಸಿತು. ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಭಾನುವಾರದ ಆರಾಧನೆಯಲ್ಲಿ, ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳುವವರು ಹೇಳಬಹುದು ಎಂದು ಪಾಸ್ಟರು ಅಂದದ್ದೇ ತಡ, ನಾನು ಎದ್ದು ನಿಂತೆ. ಅದುವರೆಗೆ ಒಂದು ದಿನವೂ ಸಾಕ್ಷಿ ಹೇಳಿದವಳಲ್ಲ.

"ಸ್ವಾಮಿಗೆ ಸ್ತೋತ್ರ," ಎಂದೆ. "ನನ್ನ ಅನ್ನ ಕಸಗಂಡಾಕಿ ಗಿಡ್ಡಮ್ಮಗ ದೇವರು ಕೊಡಾದು ಕೊಟ್ಟಾನ. ಆಕಿ ಬೆರಳು ಕೊಳಿಯಾಕ ಹತ್ತೈತಿ. ನನ್ನ ಸಲುವಾಗಿ ನೀವೆಲ್ಲಾರೂ ಉಪಾಸ ಕುಂತ್ರಿ, ನಿಮಗೆಲ್ಲಾ ಶರಣು."

ಅರ್ಧ ಜನರ ಬಾಯಿಂದ ಅಭ್ಯಾಸಕ್ಕೆ ಆಮೆನ್ ಹೊರಟು ಅರ್ಧಕ್ಕೇ ನಿಂತಿತು. ಡೋಲಕ್ ಬಾರಿಸುವವನು ಕೈ ಎತ್ತಿದವನು ಹಾಗೆಯೇ ಉಳಿದ. ನಾನು ಸುತ್ತ ನೋಡಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಮುಂದಿನ ಚಾಪೆಯ ಮೇಲಿದ್ದ ಅಂಜಿನಕ್ಕ ಗೋಡೆ ಹಿಡಿದು ಎದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ಉಪವಾಸ ಮಾಡಿದರೆ ಕೈಕಾಲು ನಡುಗುತ್ತವೆ.

"ಎರ್ರವ್ವ, ನಾನು ಐದು ಶುಕ್ರವಾರ ಹೊಟ್ಟಿ ಕಟಗಂಡು ಕುಂತಿದ್ದು ಆಕಿ ಕೈ ಕೊಳೀಲಿ ಅಂತಲ್ಲಬೇ. ಆಕಿ ಮನಿ ತಂಪಾಗಿರಲಿ ಅಂತ."

"ಹಂಗಾರ ಹೆಸರು ಯಾಕ ಬರಕಂಡ್ರಿ?"

"ಒಳ್ಳೇದಾಗ್ಲಿ ಅಂತ ಬೇಡಾಕ," ಎಂದರು ಪಾಸ್ಟ್ರಮ್ಮ ಮೆಲ್ಲಗೆ. "ಬ್ಯಾರೆ ಯಾತಕ್ಕ ಬರಕಂತಾರವ್ವ? ನಿನಗ ಕೇಡು ಮಾಡಿದಾಕಿ ಹೆಸರು ನೀನ ಹೇಳಿದಾಗ ನನ್ನ ಕಣ್ಣಾಗ ನೀರು ಬಂತು. ಇಷ್ಟು ಬೇಗ ಇಷ್ಟು ದೊಡ್ಡ ಮನಸು ಬಂತಲ್ಲ ಅಂತ."

ತಗಡಿನ ನೆರಳು, ತಿರುಗಿ ಬಂದ ಅಳಿಯ, ಪಂಚಾಕ್ಷರಪ್ಪನವರ ಮದುವೆ ಹೂವು. ಆ ಮೂರನ್ನೂ ಇವರೇ ಹೊಟ್ಟೆ ಕಟ್ಟಿ ಬೇಡಿದ್ದರು. ಹೆಸರು ಕೊಟ್ಟವಳು ನಾನು. ನನಗೆ ನಾಚಿಕೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಇಷ್ಟು ಜನ ಸೇರಿ ನನ್ನ ವೈರಿಯನ್ನು ಸಾಕಿದಿರಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟೆ. ಪಾಸ್ಟ್ರಮ್ಮ ಬಾಗಿಲ ತನಕ ಬಂದು ಆ ಚೀಟಿಯನ್ನು ನನ್ನ ಕೈಯಲ್ಲಿಟ್ಟರು.

"ಬುಧವಾರಕ್ಕ ನಲವತ್ತು ದಿನ. ಹೆಸರು ಕೊಟ್ಟಾರು ಆ ಮನಿಗೆ ಹೋಗಿ, ತಲಿ ಮ್ಯಾಲೆ ಕೈ ಇಟ್ಟು, ಬಾಯಿ ಬಿಟ್ಟು ಪ್ರಾರ್ಥನಿ ಮಾಡ್ಬೇಕು. ಅದು ಇಲ್ಲಿ ಪದ್ಧತಿ."

"ನಾ ಹೋಗಂಗಿಲ್ಲ."

"ಹೋಗಬ್ಯಾಡ. ಚೀಟಿ ನಿನ್ನ ಹತ್ರ ಇರಲಿ."

ಸೋಮವಾರ ಹನ್ನೊಂದರ ಹೊತ್ತಿಗೆ ಪಂಚಾಕ್ಷರಪ್ಪನವರು ಸ್ಕೂಟರ್ ಹತ್ತಿ ನನ್ನ ಗುಡಿಸಲಿಗೆ ಬಂದರು. ಬಾಗಿಲಲ್ಲೇ ನಿಂತರು.

"ಎರ್ರಮ್ಮ, ಗಿಡ್ಡಮ್ಮನ ಕೈ ಬಾತೈತಂತ. ತಾನ ಕಟ್ಟಿ ಕೊಡ್ತೀನಿ ಅಂತಾಳ, ನನಗ ಧೈರ್ಯ ಇಲ್ಲ. ಬುಧವಾರ ಸಂಜಿಗೆ ಮದುಮಗಳ ದಂಡಿ, ಹಾರ, ಮಂಟಪದ ಸರ ಎಲ್ಲಾ ನೀನ ಕಟ್ಟಬೇಕು."

"ನಾ ಕಟ್ಟಿದ್ದು ದೇವರಿಗೆ ನಡೀತೈತೇನ್ರಿ?"

"ಅಯ್ಯ, ಅವೆಲ್ಲಾ ಮಂದಿ ಮಾತು. ಕೆಲಸ ಚಂದ ಮಾಡು, ಇನ್ನ ಮ್ಯಾಲೆ ನಮ್ಮ ಬಳಗದಾಗ ಯಾವ ಮದಿವಿ ಇದ್ರೂ ಹೂವು ನಿಂದ."

ಎರಡು ವರ್ಷ ನನ್ನ ಹೂವು ನಡೆಯದ ದೇವರಿಗೆ ಎರಡು ದಿನದಲ್ಲಿ ನಡೆಯಿತು. ನಾನು ಹೂಂ ಎಂದೆ. ಅವರ ಬಳಗವೆಂದರೆ ಹಡಗಲಿಯಿಂದ ಕೊಟ್ಟೂರಿನ ತನಕ ಚಾಚಿದೆ. ಅವರ ಮನೆಯ ಮದುವೆಯಲ್ಲಿ ನನ್ನ ಹೂವು ನಡೆದರೆ ಊರಲ್ಲಿ ಎಲ್ಲೆಲ್ಲೂ ನಡೆದ ಹಾಗೆ. ಶೇಂಗಾ ಬಿಟ್ಟು ಮತ್ತೆ ಗೋಡೆಗೆ ಬೆನ್ನು ಕೊಟ್ಟು ಕೂರಬಹುದು, ಅದೂ ತಗಡಿನ ನೆರಳಲ್ಲಿ. ಕಳೆದುಕೊಂಡದ್ದೆಲ್ಲ ಆ ಒಂದು ಸಂಜೆಯ ಹೂವಿನಲ್ಲಿತ್ತು.

ಬುಧವಾರ ಬೆಳಿಗ್ಗೆ ಏಳಕ್ಕೆ ತೋಟದ ಚೌಡಣ್ಣ ಎರಡು ಬುಟ್ಟಿ ಮೊಗ್ಗು ತಂದು ಸುರಿದ. ನಾರು ನೆನೆಹಾಕಿ ಕೂತೆ. ಬೆರಳು ಮರೆತಿರಲಿಲ್ಲ. ಮೊದಲು ಮದುಮಗಳ ಮುಡಿಗೆ ಏರುವ ದಂಡೆಯನ್ನೇ ಕಟ್ಟಿದೆ, ನಡುವೆ ಕನಕಾಂಬರದ ಒಂದು ಸಾಲು ಇಟ್ಟು. ಹತ್ತು ಗಂಟೆಗೆ ಅದು ಮುಗಿಯುವಾಗ ನನಗೊಂದು ಯೋಚನೆ ಬಂತು. ಪದ್ಧತಿಯಂತಲ್ಲವೇ, ಹೋಗೋಣ. ಈ ದಂಡೆ ಹಿಡಿದೇ ಹೋಗೋಣ. ಗಿಡ್ಡಮ್ಮ ಇದನ್ನು ನೋಡಲಿ, ಯಾರ ಮನೆಯದ್ದು ಎಂದು ಕೇಳಲಿ, ನಾನು ಹೇಳುತ್ತೇನೆ. ಅವಳ ಮುಖ ಹೇಗಾಗುತ್ತದೆ ನೋಡಬೇಕು. ದಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡೆ. ಉಳಿದ ಮೊಗ್ಗು ಎರಡು ತಾಸು ಕಾಯುತ್ತವೆ ಎಂದು ಮುಚ್ಚಿಟ್ಟು, ಅಂಜಿನಕ್ಕ ಮತ್ತು ಪಾಸ್ಟ್ರಮ್ಮನನ್ನು ಕರೆದೆ. ನಾನು ಬರುತ್ತೇನೆ ಎಂದದ್ದಕ್ಕೆ ಇಬ್ಬರೂ ಸ್ತೋತ್ರ ಹೇಳಿದರು. ಪಾಪ.

ಗಿಡ್ಡಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು. ಮಗಳು ತಂಬ್ರಹಳ್ಳಿ ಸೇರಿದ್ದಳಲ್ಲ. ಮುಂದೆ ಒಂದು ಹಿಡಿ ಮೊಗ್ಗು ಇಟ್ಟುಕೊಂಡು, ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಗಂಟು ಹಾಕಲು ನೋಡುತ್ತಿದ್ದಳು. ಗಂಟು ಬೀಳುತ್ತಿರಲಿಲ್ಲ. ಬಲಗೈ ಬಟ್ಟೆ ಸುತ್ತಿ ಮಡಿಲಲ್ಲಿತ್ತು. ಹೂವು ತನ್ನ ಕೈಬಿಟ್ಟದ್ದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ನನ್ನನ್ನು ಕಂಡು ನಾರು ಬಾಯಿಂದ ಬಿಟ್ಟಳು.

"ನಲವತ್ತು ದಿನ ನಿನ್ನ ಹೆಸರು ಹಿಡಿದು ಪ್ರಾರ್ಥನಿ ಮಾಡೀವಿ ಗಿಡ್ಡಮ್ಮ," ಎಂದರು ಪಾಸ್ಟ್ರಮ್ಮ. "ಹೆಸರು ಕೊಟ್ಟಾಕಿ ಎರ್ರಮ್ಮ. ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಿ ಮಾಡ್ತಾಳ, ನೀ ಬ್ಯಾಡ ಅಂದ್ರ ಹೋಗ್ತೀವಿ."

ಗಿಡ್ಡಮ್ಮ ನನ್ನ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು. ಬುಟ್ಟಿ ಪಕ್ಕಕ್ಕಿಟ್ಟು ಅವಳ ನೆತ್ತಿಯ ಮೇಲೆ ಕೈಯಿಟ್ಟೆ. ಬಾಯಿ ತೆರೆದರೆ ಒಳ್ಳೆಯ ಮಾತು ಒಂದೂ ಬರಲಿಲ್ಲ. ಇದ್ದದ್ದೇ ಬಂತು.

"ದೇವರೇ, ಈಕಿ ನನ್ನ ಬಾಯಿಗೆ ಮಣ್ಣು ಹಾಕಿದ್ಲು. ಹನ್ನೆರಡು ವರ್ಷ ಜೋಡಿ ಕುಂತಾಕಿ ಒಂದು ಮಾರು ಹೂವಿನ ಸಲುವಾಗಿ ನನ್ನ ಮಾರಿದ್ಲು. ಈಕಿ ಬೆರಳು ಕೊಳೀಲಿ ಅಂತ ನಾ ಹೆಸರು ಕೊಟ್ಟಿದ್ದು, ಒಳ್ಳೇದಾಗ್ಲಿ ಅಂತಲ್ಲ. ಇವತ್ತೂ ಈಕಿ ಹೊಟ್ಟಿ ಉರಸಾಕ ಬಂದೀನಿ. ನಿನಗ ಗೊತ್ತೈತಿ, ಈಕಿಗೂ ಗೊತ್ತಾಗ್ಲಿ."

ಅಂಜಿನಕ್ಕ ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದಳು. ಗಿಡ್ಡಮ್ಮ ತಲೆ ಎತ್ತಲಿಲ್ಲ.

"ನಾನೂ ನಿಮ್ಮೂರ ಅಮ್ಮನ ಗುಡಿಗೆ ಹೋಗಿ ನಿನಗ ಮಣ್ಣು ತೂರೀನಿ," ಎಂದಳು ನೆಲ ನೋಡುತ್ತಲೇ. "ಚೊಂಬು ಒದ್ದು ಹೋದ್ಯಲ್ಲ, ಅವತ್ತ. ನಿನಗೇನೂ ಆಗ್ಲಿಲ್ಲ ಅಂತ ಮತ್ತೊಮ್ಮಿ ಹೋಗಿದ್ದೆ."

ನಾನು ಕೈ ತೆಗೆಯಬೇಕಿತ್ತು. ತೆಗೆಯಲು ಹೋದಾಗ ಗೊತ್ತಾಯಿತು, ನನ್ನ ಅಂಗೈ ಸುಡುತ್ತಿತ್ತು. ಅವಳ ನೆತ್ತಿ ಬಾಣಲೆಯಂತೆ ಕಾದಿತ್ತು. ನಾನು ಏನೂ ಕೇಳದೆ ಅವಳ ಬಲಗೈಯ ಬಟ್ಟೆ ಬಿಚ್ಚಿದೆ. ವಾಸನೆ ಬಂತು. ಬೆರಳು ಕಪ್ಪಾಗಿತ್ತು. ಅಂಗೈಯಿಂದ ಮೊಣಕೈ ದಾಟಿ ರವಿಕೆಯ ತೋಳಿನ ಒಳಗೆ ಒಂದು ಕೆಂಪು ಗೆರೆ ಏರಿತ್ತು, ಕುಂಕುಮದಲ್ಲಿ ಎಳೆದ ಹಾಗೆ.

ಆ ಗೆರೆಯನ್ನು ನಾನು ಇಪ್ಪತ್ತೆರಡು ದಿನ ನೋಡಿದ್ದೆ.

"ಈ ಗೆರಿ ಯಾವಾಗಿಂದ ಐತಿ?"

"ನಿನ್ನಿ ಮುಂಜಾನಿ. ಮದಿವಿ ಹೂವು ಮುಗಿಸಿ ಆಸ್ಪತ್ರಿಗೆ ಹೋಗ್ತೀನಿ."

"ಹೂವಿಗೆ ಬೆಂಕಿ ಹಚ್ಚು. ಏಳು."

"ಒಲ್ಲೆ. ಅವರು ಒಮ್ಮಿ ಬ್ಯಾರೆಯಾರಿಗೆ ಕೊಟ್ರ ಮುಗೀತು."

ಬೇರೆಯವರು ನಾನೇ ಎಂದು ಆಗಲೇ ಹೇಳಬಹುದಿತ್ತು. ಅದಕ್ಕೇ ಬಂದಿದ್ದೆ. ಹೇಳಲಿಲ್ಲ. ಹೇಳಿದರೆ ಅವಳು ಜಗಳಕ್ಕೆ ಕೂರುತ್ತಾಳೆ, ಗೆರೆ ಇನ್ನೊಂದು ಗೇಣು ಮೇಲೆ ಹೋಗುತ್ತದೆ. ತಾಲೂಕು ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಡಾಕ್ಟರು ನೋಡಿ, ಒಂದು ಸೂಜಿ ಚುಚ್ಚಿ, ಇದು ಇಲ್ಲಿ ಆಗುವುದಿಲ್ಲ, ಈಗಿಂದೀಗಲೇ ದಾವಣಗೆರೆಗೆ ಹೋಗಿ ಎಂದರು. ಹನ್ನೆರಡೂವರೆಗೆ ಹರಪನಹಳ್ಳಿಯ ಮೇಲೆ ಹೋಗುವ ಬಸ್ಸಿತ್ತು. ಪಾಸ್ಟ್ರಮ್ಮ ತಾವು ಹೋಗುತ್ತೇನೆ ಎಂದರು. ಗಿಡ್ಡಮ್ಮ ಎಡಗೈಯಲ್ಲಿ ನನ್ನ ಸೆರಗು ಹಿಡಿದಿದ್ದಳು, ಬಿಡಲಿಲ್ಲ.

"ಈಕಿ ಬರಲಿ. ನೀವು ಎಲ್ಲಾರೂ ಒಳ್ಳೇರು, ನನಗ ಅಂಜಿಕಿ ಬರ್ತೈತಿ. ಈಕಿ ಬೈಕಂತ ಇರ್ತಾಳ."

ಮನೆಯಲ್ಲಿ ಎರಡು ಬುಟ್ಟಿ ಮೊಗ್ಗು ನನಗಾಗಿ ಕಾಯುತ್ತಿದ್ದವು. ಸಂಜೆಗೆ ಕಟ್ಟದಿದ್ದರೆ ಅರಳಿ ಕೆಡುತ್ತವೆ, ಪಂಚಾಕ್ಷರಪ್ಪ ಜನ್ಮದಲ್ಲಿ ನನ್ನ ಬಾಗಿಲಿಗೆ ಬರುವುದಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೆನೆದೆ. ಕಂಡಕ್ಟರು ಹತ್ತುತ್ತೀಯೋ ಇಳಿಯುತ್ತೀಯೋ ಎಂದ. ಸ್ವಾಮೀ, ನಿನ್ನ ಹತ್ತಿರ ಹೋದವರ ಗತಿ ಇಷ್ಟೇ ಏನು ಎಂದು ಬೈದೆ. ಬೈದುಕೊಂಡೇ ಹತ್ತಿದೆ. ಅವತ್ತಿನ ತನಕ ನಾನು ಮಾಡಿದ ಪ್ರಾರ್ಥನೆಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ ಇರಬೇಕು.

ಹರಪನಹಳ್ಳಿ ದಾಟುವ ತನಕ ಗಿಡ್ಡಮ್ಮ ನನ್ನ ಭುಜಕ್ಕೆ ಒರಗಿ ಮಂಪರಿನಲ್ಲಿದ್ದಳು. ಆಮೇಲೆ ಕಣ್ಣು ಬಿಟ್ಟು ನನ್ನ ತೊಡೆಯ ಮೇಲಿನ ಬುಟ್ಟಿ ನೋಡಿದಳು. ಗಡಿಬಿಡಿಯಲ್ಲಿ ಅದೂ ಜೊತೆಗೆ ಬಂದಿತ್ತು. ಅವಳೇ ಬಟ್ಟೆ ಸರಿಸಿದಳು.

"ಯಾರ ದಂಡಿ ಇದು?"

"ಶೈಲಾಂದು. ಪಂಚಾಕ್ಷರಪ್ಪ ಸೋಮವಾರ ಬಂದು ನನಗ ಹೇಳ್ಯಾನ."

"ನನ್ನ ಹೂವು ನೀ ತಗಂಡಿ?"

"ಹೂಂ."

"ನಿನ್ನ ಹೆಣ ಎತ್ತಲಿ," ಎಂದಳು. ಜ್ವರದಲ್ಲೂ ಬೈಗುಳ ಗಟ್ಟಿಯಾಗಿತ್ತು. ದಂಡೆಯನ್ನು ಎಡಗೈಯಲ್ಲಿ ಎತ್ತಿ, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. "ನಡುವಿನ ಸಾಲು ಸಡ್ಲಾಗೈತಿ. ಶೇಂಗಾ ಸುಲಿದು ಕೈ ಕೆಟ್ಟೈತಿ ನಿಂದು." ಆಮೇಲೆ ಮತ್ತೆ ಭುಜಕ್ಕೆ ಒರಗಿ ಅಳತೊಡಗಿದಳು. ನನಗೂ ಅಳು ಬಂತು, ಸಿಟ್ಟಿನ ಅಳು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು.

ದಾವಣಗೆರೆಯಲ್ಲಿ ಕೈ ಉಳಿಯಿತು. ತೋರುಬೆರಳಿನ ಎರಡು ಗೆಣ್ಣು ಹೋದವು. ರಾತ್ರಿಯ ತನಕ ತಡವಾಗಿದ್ದರೆ ಕೈಯೇ ಹೋಗುತ್ತಿತ್ತು ಎಂದರು. ಹನ್ನೊಂದು ದಿನ ಅವಳ ಮಂಚದ ಕೆಳಗೆ ಮಲಗಿದೆ. ಬಟ್ಟೆ ಒಗೆದೆ. ಒಗೆಯುವಾಗ ಅಂಜಿನಕ್ಕ ನೆನಪಾದಳು. ಅವಳು ಬೊಮ್ಮಪ್ಪನ ಬಟ್ಟೆ ಒಗೆಯುವಾಗ ಮುಖ ಸಿಂಡರಿಸಲಿಲ್ಲ, ನಾನು ಸಿಂಡರಿಸಿದೆ. ಶೈಲಾನ ಮದುವೆಗೆ ಹರಪನಹಳ್ಳಿಯಿಂದ ಹೂವು ತರಿಸಿದರಂತೆ. ಊರಿಗೆ ಬಂದು ಬಾಗಿಲು ತೆರೆದರೆ ಎರಡು ಬುಟ್ಟಿ ಮಲ್ಲಿಗೆ ಕಂದಿ ಕೊಳೆತು ಮನೆಯೆಲ್ಲ ನಾರುತ್ತಿತ್ತು.

ಈಗ ಮತ್ತೆ ಒಂದೇ ಗೋಣಿಚೀಲದ ಮೇಲೆ ಕೂರುತ್ತೇವೆ, ತಗಡಿನ ಕೆಳಗೆ. ಗಿಡ್ಡಮ್ಮನಿಗೆ ಗಂಟು ಹಾಕಲು ಬರುವುದಿಲ್ಲ. ಅವಳು ಮೊಗ್ಗು ಜೋಡಿಸಿ ನನ್ನ ಅಂಗೈಗೆ ಇಡುತ್ತಾಳೆ, ನಾನು ಕಟ್ಟುತ್ತೇನೆ. ನನ್ನ ತೋಳಿನಿಂದ ಮಾರು ಹಾಕಿದರೆ ಲಾಭ ಕಡಿಮೆ ಎಂದು ಅವಳ ದಿನದ ಗೊಣಗಾಟ. ಯಾರು ಕಟ್ಟಿದ್ದು ಎಂದು ಗಿರಾಕಿ ಕೇಳಿದರೆ ಅವಳೇ ಬಾಯಿ ಹಾಕುತ್ತಾಳೆ: "ಆಕಿ ಕಟ್ಯಾಳ, ನಾ ಕೊಟ್ಟೀನಿ. ಬೇಕಾದ್ರ ತಗೊ, ಇಲ್ಲಾಂದ್ರ ಮುಂದಕ ನಡಿ." ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಮುಂದಕ್ಕೆ ನಡೆಯುತ್ತಾರೆ. ಪಂಚಾಕ್ಷರಪ್ಪನವರು ಸ್ಕೂಟರ್ ನಿಲ್ಲಿಸುವುದಿಲ್ಲ. ಗುಡಿಯ ಹೂವು ತಿರುಗಿ ಬರಲಿಲ್ಲ. ಆ ಎರಡು ವರ್ಷ ನೆನಪಾದರೆ ಇವಳ ಜುಟ್ಟು ಹಿಡಿದು ಎಳೆಯಬೇಕು ಎಂದು ಇವತ್ತಿಗೂ ಅನ್ನಿಸುತ್ತದೆ. ಆಗ ಅವಳು ಮೊಗ್ಗು ಇಡಲು ಕೈ ಚಾಚುತ್ತಾಳೆ, ಆ ಮೋಟು ಬೆರಳು ನನ್ನ ಅಂಗೈಗೆ ತಾಗುತ್ತದೆ. ಸೂಜಿ ಚುಚ್ಚಿ ಆದದ್ದು ಎಂದು ಡಾಕ್ಟರು ಹೇಳಿದರು, ಪಾಸ್ಟರೂ ಅದನ್ನೇ ಹೇಳಿದರು. ಇರಬಹುದು. ಆದರೆ ಬೇಡಿದವಳು ನಾನು.

ಮರುವರ್ಷ ನಲವತ್ತು ದಿನದ ಪ್ರಾರ್ಥನೆ ಬಂತು. ಪಾಸ್ಟ್ರಮ್ಮ ಚೀಟಿ ಹಿಡಿದು ಸಾಲಿನಲ್ಲಿ ಬಂದರು. ಎಲ್ಲರ ಹತ್ತಿರವೂ ಹೆಸರು ಮಾತ್ರ ಕೇಳಿದರು. ನನ್ನ ಮುಂದೆ ನಿಂತು ಪೆನ್ನು ಎತ್ತಿ ಹಿಡಿದರು.

"ಎರ್ರವ್ವ, ನೀ ಕಾರಣಾನೂ ಹೇಳಬೇಕು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂಜಿನಕ್ಕ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಹೂವಿನ ಗಿಡ್ಡಮ್ಮ," ಎಂದೆ.

"ಕಾರಣ?"

ಮೂವತ್ತೇಳು ದಿನ ಸಲೀಸಾಗಿ ಶಪಿಸಿದ ಬಾಯಿಗೆ ಎರಡು ಮಾತು ಹೊರಡುತ್ತಿರಲಿಲ್ಲ. ಪಾಸ್ಟ್ರಮ್ಮ ಕಾದರು. ಹಿಂದಿನವಳು ಯಾಕೆ ತಡ ಎಂದು ಕೆಮ್ಮಿದಳು.

"ಆಕಿಗೆ ಒಳ್ಳೇದಾಗ್ಲಿ," ಎಂದೆ. "ಲಗೂನ ಬರಕಳ್ರಿ, ನನ್ನ ಮನಸು ತಿರುಗೋದ್ರಾಗ."

ಪಾಸ್ಟ್ರಮ್ಮ ಬರೆದುಕೊಂಡರು.